ಕ್ಯಾಂಟನ್, 1847: ಮುಂದೂಡಿದ ಒಂದು ದೀಕ್ಷಾಸ್ನಾನ

1847ರ ಮಾರ್ಚ್ ಕೊನೆಗೆ ದಕ್ಷಿಣ ಚೀನಾದ ಕ್ಯಾಂಟನ್ ಪಟ್ಟಣದಲ್ಲಿ ಒಬ್ಬ ಅಮೆರಿಕನ್ ಪಾದ್ರಿಯ ಮನೆಗೆ ಇಬ್ಬರು ಹಳ್ಳಿ ಮೇಷ್ಟ್ರುಗಳು ಬಂದರು. ಸತ್ಯವೇದ (ಬೈಬಲ್) ಕಲಿಯಬೇಕು, ಹೇಳಿಕೊಡಿ ಅಂತ ಕೇಳಿದರು. ಒಬ್ಬ ಸ್ವಲ್ಪ ದಿನಕ್ಕೇ ಊರಿಗೆ ವಾಪಸ್ ಹೋದ. ಇನ್ನೊಬ್ಬ ಎರಡು ತಿಂಗಳಿಗೂ ಹೆಚ್ಚು ಕಾಲ ಅಲ್ಲೇ ಇದ್ದು ಪಾಠ ಕೇಳಿದ. ಕೊನೆಗೆ ದೀಕ್ಷಾಸ್ನಾನ ಕೊಡಿ, ನನ್ನನ್ನು ಕ್ರೈಸ್ತನನ್ನಾಗಿ ಮಾಡಿಕೊಳ್ಳಿ ಅಂದ. ಪಾದ್ರಿ ಈಗ ಬೇಡ, ಮುಂದೆ ನೋಡೋಣ ಅಂದ. ಬಂದವನು ಹೊರಟುಹೋದ.

ಹಾಗೆ ಹೊರಟುಹೋದವನ ಹೆಸರು ಹಾಂಗ್ ಶಿಯೂಚುವಾನ್. 1851ರ ಜನವರಿಯಲ್ಲಿ ಇವನು ಗ್ವಾಂಗ್‌ಶಿ ಪ್ರಾಂತ್ಯದಲ್ಲಿ ಚೀನಾ ಆಳುತ್ತಿದ್ದ ಚಿಂಗ್ (ಮಂಚು) ದೊರೆಗಳ ವಿರುದ್ಧ ದಂಗೆ ಎದ್ದ. 1853ರಲ್ಲಿ ನಾನ್‌ಜಿಂಗ್ ಹಿಡಿದು ಅದನ್ನೇ ತನ್ನ ರಾಜಧಾನಿ ಮಾಡಿಕೊಂಡ. ತಾನು ದೇವರ ಎರಡನೇ ಮಗ, ಯೇಸುವಿನ ತಮ್ಮ ಅಂತ ಸಾರಿದ. 1864ರಲ್ಲಿ ಈ ತೈಪಿಂಗ್ ದಂಗೆ ಮುಗಿಯುವ ಹೊತ್ತಿಗೆ ಸತ್ತವರು 2 ಕೋಟಿಗೂ ಮೇಲೆ ಅನ್ನುವುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು.

ಪಾದ್ರಿಯ ಹೆಸರು ಇಸ್ಸಾಕರ್ ಜೇಕಾಕ್ಸ್ ರಾಬರ್ಟ್ಸ್. ಟೆನೆಸಿ ರಾಜ್ಯದವನು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಒಂದು ಮಾತು ಸೇರಿಸುತ್ತಾರೆ: ಅವತ್ತು ದೀಕ್ಷಾಸ್ನಾನ ಕೊಟ್ಟಿದ್ದರೆ ಇಷ್ಟು ಜನ ಸಾಯುತ್ತಿರಲಿಲ್ಲ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಹಾಂಗ್ ಕ್ಯಾಂಟನ್‌ನಲ್ಲಿ ಪಾಠ ಕೇಳುತ್ತಿದ್ದಾಗಲೇ ಅವನ ಗೆಳೆಯ ಫೆಂಗ್ ಯುನ್‌ಶಾನ್ ಗ್ವಾಂಗ್‌ಶಿಯ ಗುಡ್ಡಗಾಡಿನಲ್ಲಿ ಸಾವಿರಾರು ಜನರನ್ನು ಕಟ್ಟಿಕೊಂಡಿದ್ದ. ಬರ, ಡಕಾಯಿತಿ, ಜಮೀನಿಗಾಗಿ ಜಾತಿಜಾತಿಗಳ ಕಾದಾಟ, ಅಫೀಮು ಯುದ್ಧದಲ್ಲಿ ಸೋತ ಸರ್ಕಾರ, ಎಲ್ಲವೂ ಇದ್ದವು. ಒಬ್ಬ ಪಾದ್ರಿ ನೀರಲ್ಲಿ ಮುಳುಗಿಸಿ ಎಬ್ಬಿಸಿದ ಮಾತ್ರಕ್ಕೆ ಇದೆಲ್ಲ ತಣ್ಣಗಾಗುತ್ತಿತ್ತು ಅನ್ನುವುದು ಸುಮ್ನೆ ಮಾತು. ಆದರೆ ಆ ಎರಡು ತಿಂಗಳಲ್ಲಿ ಅಮೆರಿಕನ್ನನೊಬ್ಬ ಚೀನೀಯನೊಬ್ಬನನ್ನು ಹೇಗೆ ಅಳೆದ, ಯಾವ ಅಳತೆಗೋಲು ಹಿಡಿದ ಅನ್ನುವುದು ನೋಡತಕ್ಕ ವಿಷಯ. ಆ ಅಳತೆಗೋಲೇ ತಪ್ಪಾಗಿತ್ತು ಅಂತ ನನಗನ್ನಿಸುತ್ತದೆ.

ಬಂದವನು ಯಾರು

ಹಾಂಗ್ ಹುಟ್ಟಿದ್ದು 1814ರಲ್ಲಿ, ಕ್ಯಾಂಟನ್ನಿನ ಉತ್ತರಕ್ಕಿರುವ ಹುವಾ ತಾಲೂಕಿನಲ್ಲಿ. ಹಕ್ಕಾ ಜನ. ಅಂದರೆ ಉತ್ತರದಿಂದ ಬಂದು ನೆಲೆಸಿದವರು, ಸ್ಥಳೀಯರ ಕಣ್ಣಿಗೆ ಯಾವಾಗಲೂ ಹೊರಗಿನವರು. ಬಡ ರೈತರ ಮನೆ. ಮಗ ಚುರುಕು ಅಂತ ನಂಟರೆಲ್ಲ ಸೇರಿ ಓದಿಸಿದರು. ಸರ್ಕಾರಿ ಪರೀಕ್ಷೆ ಪಾಸಾದರೆ ಇಡೀ ಕುಲದ ಕಷ್ಟ ತೀರುತ್ತದೆ ಅನ್ನುವ ಆಸೆ. ಅವನು ನಾಲ್ಕು ಸಲ ಕೂತ, ನಾಲ್ಕು ಸಲವೂ ಫೇಲಾದ.

1836ರಲ್ಲಿ ಪರೀಕ್ಷೆಗೆಂದು ಕ್ಯಾಂಟನ್‌ಗೆ ಬಂದಾಗ ಬೀದಿಯಲ್ಲಿ ಯಾರೋ ಒಂದು ಪುಸ್ತಕದ ಕಟ್ಟು ಕೈಗಿಟ್ಟರು. ಲಿಯಾಂಗ್ ಫಾ ಎಂಬ ಚೀನೀ ಕ್ರೈಸ್ತ ಬರೆದದ್ದು. ಇವನು ಅಚ್ಚಿನ ಕೆಲಸದಿಂದ ಶುರುಮಾಡಿ ಪ್ರಾಟೆಸ್ಟಂಟರ ಮೊದಲ ಚೀನೀ ಸುವಾರ್ತಿಕನಾದವನು. ಹಾಂಗ್ ಪುಸ್ತಕವನ್ನು ಮೇಲೆ ಮೇಲೆ ನೋಡಿ ಇಟ್ಟುಬಿಟ್ಟ. ಮರುವರ್ಷ ಮತ್ತೆ ಫೇಲಾಗಿ, ಹಾಸಿಗೆ ಹಿಡಿದ. ಎಷ್ಟೋ ದಿನ ಮೈಮೇಲೆ ಪ್ರಜ್ಞೆ ಇರಲಿಲ್ಲ. ಆಗ ಒಂದು ದರ್ಶನ: ಬಂಗಾರದ ಬಣ್ಣದ ಗಡ್ಡ, ಕಪ್ಪು ನಿಲುವಂಗಿಯ ಮುದುಕ ಅವನ ಕೈಗೆ ಖಡ್ಗ ಕೊಟ್ಟು ದೆವ್ವಗಳನ್ನು ಕೊಲ್ಲು ಅನ್ನುತ್ತಾನೆ. ನಡುವಯಸ್ಸಿನ ಅಣ್ಣನೊಬ್ಬ ಜೊತೆಗಿರುತ್ತಾನೆ.

1843ರಲ್ಲಿ ನಾಲ್ಕನೇ ಸಲವೂ ಸೋತ ಮೇಲೆ ನಂಟನೊಬ್ಬನ ಒತ್ತಾಯಕ್ಕೆ ಅದೇ ಹಳೇ ಪುಸ್ತಕ ತೆಗೆದು ಓದಿದ. ಎಲ್ಲವೂ ತಾಳೆಯಾಯಿತು. ಮುದುಕ ದೇವರು, ಅಣ್ಣ ಯೇಸು, ತಾನು ತಮ್ಮ. ಆ ನಂಟನೂ ಇವನೂ ತಮಗೆ ತಾವೇ ನೀರು ಸುರಿದುಕೊಂಡು ದೀಕ್ಷೆ ಪಡೆದರು. ಶಾಲೆಯಲ್ಲಿದ್ದ ಕನ್ಫ್ಯೂಶಿಯಸ್‌ನ ಫಲಕ ತೆಗೆದುಹಾಕಿದ್ದಕ್ಕೆ ಮೇಷ್ಟ್ರ ಕೆಲಸಕ್ಕೆ ಕುತ್ತು ಬಂತು.

ಕ್ಯಾಂಟನ್‌ಗೆ ಬರುವವರೆಗೆ ಹಾಂಗ್ ಇಡೀ ಸತ್ಯವೇದವನ್ನು ನೋಡಿಯೇ ಇರಲಿಲ್ಲ. ಲಿಯಾಂಗ್ ಫಾನ ಪುಸ್ತಕದಲ್ಲಿ ಇದ್ದದ್ದು ಅಲ್ಲಲ್ಲಿ ಆರಿಸಿದ ತುಣುಕುಗಳು. ರಾಬರ್ಟ್ಸ್‌ನ ಮನೆಯಲ್ಲೇ ಮೊದಲ ಸಲ ಪೂರ್ತಿ ಗ್ರಂಥ ಕೈಗೆ ಸಿಕ್ಕಿದ್ದು. ಅಷ್ಟರಲ್ಲಿ ಅವನ ದರ್ಶನಕ್ಕೆ 10 ವರ್ಷ, ಅದಕ್ಕೆ ಅವನು ಕೊಟ್ಟುಕೊಂಡ ಅರ್ಥಕ್ಕೆ 4 ವರ್ಷ ವಯಸ್ಸಾಗಿತ್ತು.

ಕಲಿಸಿದವನು ಯಾರು

ರಾಬರ್ಟ್ಸ್ ಯಾವ ಲೆಕ್ಕದಲ್ಲೂ ಸಾಧಾರಣ ಮಿಷನರಿ ಅಲ್ಲ. ಮಿಸಿಸಿಪ್ಪಿಯಲ್ಲಿದ್ದ ತನ್ನ ಆಸ್ತಿಯನ್ನು ನಿಧಿ ಮಾಡಿ, ಆ ದುಡ್ಡಿನ ಮೇಲೆ 1837ರಲ್ಲಿ ಮಕಾವ್‌ಗೆ ಬಂದ. ಅಲ್ಲಿ ಕುಷ್ಠರೋಗಿಗಳ ನಡುವೆ ಕೆಲಸ ಮಾಡಿದ. 1844ರಲ್ಲಿ ಕ್ಯಾಂಟನ್‌ಗೆ ಬಂದು, ವಿದೇಶಿಯರಿಗೆಂದು ಬಿಟ್ಟಿದ್ದ ಕೋಠಿಗಳ ಸಾಲು ಬಿಟ್ಟು, ಚೀನೀ ಉಡುಪು ತೊಟ್ಟು ಚೀನೀಯರ ಓಣಿಯಲ್ಲೇ ಮನೆ ಹಿಡಿದ. ಧೈರ್ಯ ಇತ್ತು. ಜೊತೆಗೆ ಸಿಡುಕು, ಹಟ, ಜೊತೆಯವರ ಮೇಲೆ ಅನುಮಾನ. ಇನ್ನೊಬ್ಬ ಮಿಷನರಿಯೊಂದಿಗೆ ಅವನು ಹೆಚ್ಚು ದಿನ ಹೊಂದಿಕೊಂಡದ್ದೇ ಇಲ್ಲ. ಅವನು ಸೇರಿದ್ದ ಸದರ್ನ್ ಬ್ಯಾಪ್ಟಿಸ್ಟ್ ಸಂಸ್ಥೆ 1852ರಲ್ಲಿ ಅವನನ್ನು ಕೈಬಿಟ್ಟಿತು. (ಗುಲಾಮರನ್ನು ಇಟ್ಟುಕೊಂಡವರೂ ಮಿಷನರಿಗಳಾಗಬಹುದು ಅನ್ನುವ ಜಗಳದಲ್ಲೇ 1845ರಲ್ಲಿ ಉತ್ತರದವರಿಂದ ಒಡೆದು ಹುಟ್ಟಿದ ಸಂಸ್ಥೆ ಅದು. ಚೀನೀಯರ ಮನಸ್ಸು ಶುದ್ಧವೋ ಅಲ್ಲವೋ ಅಂತ ಪರೀಕ್ಷೆ ಮಾಡುತ್ತಿದ್ದವರ ಹಿಂದೆ ನಿಂತವರು ಇವರು.)

ಆ ವರ್ಷ ಕ್ಯಾಂಟನ್ ಕುದಿಯುತ್ತಿತ್ತು. ಏಪ್ರಿಲ್‌ನಲ್ಲಿ ಬ್ರಿಟಿಷ್ ಹಡಗುಗಳು ನದಿಯ ಕೋಟೆಗಳ ಮೇಲೆ ಬಿದ್ದಿದ್ದವು. ಮೇ ತಿಂಗಳಲ್ಲಿ ಜನ ರಾಬರ್ಟ್ಸ್‌ನ ಪ್ರಾರ್ಥನಾ ಮಂದಿರಕ್ಕೇ ನುಗ್ಗಿ ಲೂಟಿ ಮಾಡಿದರು. ಅವನಿಗೆ ಯಾರ ಮೇಲೂ ನಂಬಿಕೆ ಹುಟ್ಟುವ ಹೊತ್ತಲ್ಲ ಅದು.

ಸಂಬಳದ ಮಾತು

ಹಾಂಗ್ ತಾನಾಗಿ ಬಂದವನಲ್ಲ. ರಾಬರ್ಟ್ಸ್‌ನ ಚೀನೀ ಸಹಾಯಕನೊಬ್ಬ ಇವನ ವಿಷಯ ಕೇಳಿ ಕಾಗದ ಬರೆದು ಕರೆದಿದ್ದ. ಬಂದ ಮೇಲೆ ಹಾಂಗ್ ತನ್ನ ದರ್ಶನದ ಕಥೆಯನ್ನು ಬರೆದು ಕೊಟ್ಟ. ರಾಬರ್ಟ್ಸ್ ಅವನ ಊರಿಗೆ ಜನ ಕಳಿಸಿ ವಿಚಾರಿಸಿದ. ಒಳ್ಳೆಯ ಮಾತೇ ಬಂತು. ಹಾಂಗ್‌ನ ನಡತೆಯಲ್ಲಿ ಕೊಂಕಿರಲಿಲ್ಲ ಅಂತ ರಾಬರ್ಟ್ಸ್ ತಾನೇ ಮುಂದೆ ಬರೆದಿದ್ದಾನೆ.

ಆಮೇಲೆ ನಡೆದದ್ದಕ್ಕೆ ಎರಡು ಕಥೆಗಳಿವೆ. ಹಾಂಗ್ ಮನೆಯವರು ಹೇಳುವುದು ಹೀಗೆ: ರಾಬರ್ಟ್ಸ್‌ನ ಹತ್ತಿರ ಕೆಲಸಕ್ಕಿದ್ದ ಇಬ್ಬರಿಗೆ ಹೊಟ್ಟೆಕಿಚ್ಚು. ಈ ಓದಿದ ಮನುಷ್ಯ ಇಲ್ಲೇ ನಿಂತರೆ ನಮ್ಮ ಅನ್ನಕ್ಕೆ ಕಲ್ಲು ಬೀಳುತ್ತದೆ ಅನ್ನುವ ಭಯ. ಅವರು ಹಾಂಗ್‌ಗೆ ಹಿತೈಷಿಗಳ ಹಾಗೆ ಒಂದು ಬುದ್ಧಿ ಹೇಳಿಕೊಟ್ಟರು. ದೀಕ್ಷಾಸ್ನಾನಕ್ಕೆ ಮೊದಲು ಪಾದ್ರಿಯ ಹತ್ತಿರ ಕೇಳು, ಆಮೇಲೆ ಇಲ್ಲಿದ್ದು ಓದುವುದಕ್ಕೆ ತಿಂಗಳಿಗೆ ಇಷ್ಟು ಅಂತ ಗೊತ್ತು ಮಾಡಿಕೊಡಿ ಅಂತ. ಹಾಂಗ್ ಕೇಳಿದ. ಪಾದ್ರಿಯ ಮುಖ ಗಂಟಾಯಿತು. ದೀಕ್ಷಾಸ್ನಾನ ಮುಂದಕ್ಕೆ ಹೋಯಿತು, ಯಾವಾಗ ಅನ್ನುವ ಮಾತೇ ಇಲ್ಲ.

ರಾಬರ್ಟ್ಸ್‌ನ ಕಥೆಯಲ್ಲಿ ಹೊಟ್ಟೆಕಿಚ್ಚಿನ ಸಹಾಯಕರೇ ಇಲ್ಲ. ಅವನ ಅರ್ಹತೆ ನಮಗೆ ಪೂರ್ತಿ ಮನದಟ್ಟಾಗುವ ಮೊದಲೇ ಅವನು ಗ್ವಾಂಗ್‌ಶಿಗೆ ಹೊರಟುಹೋದ ಅಂತ ಬರೆದಿದ್ದಾನೆ, ಅಷ್ಟೇ.

ಮೊದಲ ಕಥೆಯನ್ನು ಹೇಳಿದವನು ಹಾಂಗ್ ರೆನ್‌ಗಾನ್. ಹಾಂಗ್‌ನ ದಾಯಾದಿ, ಜೊತೆಗೆ ಬಂದು ಬೇಗ ವಾಪಸ್ ಹೋದ ಆ ಇನ್ನೊಬ್ಬ ಮೇಷ್ಟ್ರು. ಅಂದರೆ ಆ ಮಾತು ನಡೆದಾಗ ಅವನು ಅಲ್ಲಿರಲಿಲ್ಲ. ತಮ್ಮವನು ದುಡ್ಡು ಕೇಳಿದ ಅನ್ನುವ ಮುಜುಗರಕ್ಕೆ ಬೇರೆಯವರ ಕುತಂತ್ರದ ಹೊದಿಕೆ ಹೊದಿಸಿರಬಹುದು. ಆದರೂ ದುಡ್ಡಿನ ಮಾತು ಬಂದದ್ದು ನಿಜ ಅಂತಲೇ ನನಗೆ ತೋರುತ್ತದೆ. ಸುಳ್ಳು ಕಟ್ಟುವವರು ತಮ್ಮ ಮನೆಯವನ ಬಾಯಲ್ಲಿ ಆ ಮಾತು ಹಾಕುವುದಿಲ್ಲವಲ್ಲ.

ಈಗ ಆ ಮಾತು ಇಬ್ಬರಿಗೂ ಹೇಗೆ ಕೇಳಿಸಿತು ಅಂತ ನೋಡಿ. ಹಾಂಗ್‌ಗೆ ಊರಲ್ಲಿ ಹೆಂಡತಿ ಮಕ್ಕಳು. ಪಾಠ ಹೇಳುವ ಕೆಲಸ ಹೋಗಿತ್ತು. ಗುರುವಿನ ಹತ್ತಿರ ಇದ್ದು ಕಲಿಯಬೇಕು, ಕಲಿಯುವವರೆಗೆ ಊಟಕ್ಕೊಂದು ದಾರಿ ಬೇಕು. ನಮ್ಮಲ್ಲಿ ವಾರಾನ್ನ ಉಂಡು ಓದಿದವರನ್ನು ಯಾರೂ ಅನ್ನಕ್ಕಾಗಿ ಓದಿದವರು ಅಂದಿಲ್ಲ, ಅಲ್ವಾ? ಕುಲದವರ ದುಡ್ಡಿನಲ್ಲೇ ಪರೀಕ್ಷೆಗಳಿಗೆ ಕೂತು ಬೆಳೆದ ಹಾಂಗ್‌ಗೂ ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇರಲಿಲ್ಲ.

ರಾಬರ್ಟ್ಸ್‌ನ ಕಿವಿ ಬೇರೆ. ಅವನು ಬೆಳೆದದ್ದು ಅಮೆರಿಕದ ದಕ್ಷಿಣದ ಬ್ಯಾಪ್ಟಿಸ್ಟ್ ಸಭೆಗಳಲ್ಲಿ. ಅಲ್ಲಿ ದೀಕ್ಷಾಸ್ನಾನ ಕೇಳುವವನು ಎಲ್ಲರ ಮುಂದೆ ನಿಂತು, ತನ್ನ ಒಳಗೆ ಏನಾಯಿತು ಅಂತ ಸಾಕ್ಷಿ ಹೇಳಬೇಕು. ಕೇಳಿದವರು ಇದು ಮನಸಾರೆ ಬಂದದ್ದೋ ಅಲ್ಲವೋ ಅಂತ ತೂಗುತ್ತಾರೆ. ಅಲ್ಲಿ ತೂಗುವುದೆಲ್ಲ ಮನುಷ್ಯನ ಪ್ರಾಮಾಣಿಕತೆಯನ್ನು. ಅದರಲ್ಲೂ ಚೀನಾದ ಕರಾವಳಿಯ ಮಿಷನರಿಗಳಿಗೆ ಹೊಟ್ಟೆಪಾಡಿಗಾಗಿ ಕ್ರೈಸ್ತರಾಗುವವರದ್ದೇ ದೊಡ್ಡ ಭಯ. ಆ ಭಯ ಸುಳ್ಳಲ್ಲ. ರಾಬರ್ಟ್ಸ್ ಒಮ್ಮೆ ಜೊತೆಗಿದ್ದ ಜರ್ಮನ್ ಮಿಷನರಿ ಗುಟ್ಸ್‌ಲಾಫ್ ನೂರಾರು ಚೀನೀಯರನ್ನು ಸಂಬಳಕ್ಕಿಟ್ಟು ಒಳನಾಡಿಗೆ ಪುಸ್ತಕ ಹಂಚಲು ಕಳಿಸುತ್ತಿದ್ದ. ಬಹಳ ಜನ ಹಾಂಗ್‌ಕಾಂಗ್ ಬಿಟ್ಟು ಕದಲುತ್ತಲೇ ಇರಲಿಲ್ಲ. ಪುಸ್ತಕಗಳನ್ನು ಅಚ್ಚು ಹಾಕಿದವನಿಗೇ ಮಾರುತ್ತಿದ್ದರು, ಅವನು ಅದನ್ನೇ ಮತ್ತೆ ಗುಟ್ಸ್‌ಲಾಫ್‌ಗೆ ಮಾರುತ್ತಿದ್ದ! ಈ ಬಂಡವಾಳ ಬಯಲಾದದ್ದು 1850ರ ಹೊತ್ತಿಗೆ.

ಸಂಬಳದ ಗೋಜಲು ಅಮೆರಿಕನ್ ಮಿಷನರಿಗಳನ್ನು ಬಹಳ ಕಾಲ ಕಾಡಿತು. ಶಾಂಡಾಂಗ್‌ನಲ್ಲಿದ್ದ ಪ್ರೆಸ್ಬಿಟೇರಿಯನ್ ಪಂಗಡದ ಮಿಷನರಿ ಜಾನ್ ನೀವಿಯಸ್ 1885ರಲ್ಲಿ ಇದರ ಮೇಲೆ ಸಾಲು ಲೇಖನಗಳನ್ನೇ ಬರೆದ. ಹೊಸಬನನ್ನು ಸಂಬಳಕ್ಕೆ ತೆಗೆದುಕೊಳ್ಳಬೇಡಿ, ಅವನು ತನ್ನ ಕಸುಬಿನಲ್ಲೇ ಇರಲಿ ಅನ್ನುವುದು ಅವನ ವಾದ. ಇದು ಚೀನಾಕ್ಕಿಂತ ಕೊರಿಯಾದಲ್ಲಿ ಜಾಸ್ತಿ ನಡೆಯಿತು. ರಾಬರ್ಟ್ಸ್‌ನ ಮನೆಯಲ್ಲಿ ಪರಿಸ್ಥಿತಿ ಇನ್ನೂ ವಿಚಿತ್ರ. ಸಂಬಳ ತಿನ್ನುತ್ತಿದ್ದ ಸಹಾಯಕರು ಒಳಗೆ, ಸಂಬಳ ಕೇಳಿದವನು ಹೊರಗೆ.

ಕೇಳದೇ ಉಳಿದ ಪ್ರಶ್ನೆ

ರಾಬರ್ಟ್ಸ್ ಅಳೆದದ್ದು ಹಾಂಗ್‌ನ ಮನಸ್ಸು ಶುದ್ಧವೋ ಅಲ್ಲವೋ ಅನ್ನುವುದನ್ನು. ಆದರೆ ಇಡೀ ಚೀನಾದಲ್ಲಿ ಹುಡುಕಿದರೂ ಅವನಷ್ಟು ಪ್ರಾಮಾಣಿಕವಾಗಿ ನಂಬಿದವನು ಸಿಗುತ್ತಿರಲಿಲ್ಲ! ಆ ನಂಬಿಕೆಗಾಗಿ ಕೆಲಸ ಕಳೆದುಕೊಂಡಿದ್ದ. ಮುಂದೆ ಅದಕ್ಕಾಗಿಯೇ ಸತ್ತ, ಲಕ್ಷಾಂತರ ಜನರನ್ನು ಸಾಯಿಸಿದ. ಅವನು ನಂಬಿದ್ದಾನೆಯೇ ಅನ್ನುವುದು ಪ್ರಶ್ನೆಯೇ ಅಲ್ಲ. ಏನನ್ನು ನಂಬಿದ್ದಾನೆ ಅನ್ನುವುದು ಪ್ರಶ್ನೆ.

ಅದಕ್ಕೆ ಉತ್ತರ ರಾಬರ್ಟ್ಸ್‌ನ ಮೇಜಿನ ಮೇಲೆ ಇತ್ತು. ಹಾಂಗ್ ಬರೆದು ಕೊಟ್ಟ ದರ್ಶನದ ಕಾಗದ. ಅದನ್ನು ಓದಿ ರಾಬರ್ಟ್ಸ್ ಬೆರಗಾಗಿದ್ದ. ಸತ್ಯವೇದ ಸರಿಯಾಗಿ ಓದದ ಮನುಷ್ಯನಿಗೆ ಇದೆಲ್ಲ ಎಲ್ಲಿಂದ ತಿಳಿಯಿತೋ ಗೊತ್ತಾಗುವುದಿಲ್ಲ ಅಂತ 1852ರಲ್ಲೂ ಬರೆದ. ಸತ್ಯವೇದದ ಅಪೊಸ್ತಲರ ಕೃತ್ಯಗಳಲ್ಲಿ ಬರುವ ಕೊರ್ನೇಲ್ಯ ಎಂಬ ರೋಮನ್ ಸೇನಾಧಿಕಾರಿಯ ದರ್ಶನದ ಹಾಗೆ ಇದೂ ಒಂದು ಪರಿವರ್ತನೆಯ ಕಥೆ ಅಂತ ಅವನಿಗೆ ಕಂಡಿತು. ತನ್ನ ಸಭೆಯಲ್ಲಿ ಕೇಳಿ ಅಭ್ಯಾಸವಾಗಿದ್ದ ಸಾಕ್ಷಿಯ ಅಚ್ಚಿಗೆ ಇದು ಕೂತಿತು, ಹಾಗಾಗಿ ಪಾಸು. ಆ ಖಡ್ಗ ಯಾಕೆ, ಆ ಅಣ್ಣ ನಿನಗೆ ಏನಾಗಬೇಕು, ದೆವ್ವ ಅಂದರೆ ಯಾರು ಅಂತ ಕೂತು ಕೇಳಿದ ಗುರುತು ಎಲ್ಲೂ ಸಿಗುವುದಿಲ್ಲ. ದಂಗೆಯಲ್ಲಿ ದೆವ್ವ ಅಂದರೆ ಮಂಚು ದೊರೆಗಳು ಅಂತಾಯಿತು. ಅಚ್ಚಿಗೆ ಕೂರದೇ ಹೋದದ್ದು ಸಂಬಳದ ಮಾತು. ಪಾದ್ರಿ ಅಲ್ಲಿ ಎಡವಿ ನಿಂತ.

ಹಾಂಗ್‌ನ ಕಥೆಯನ್ನು ಕೂತು ಕೇಳಿದ ಮಿಷನರಿ ಬೇರೆಯೇ ಒಬ್ಬ, ಅವನೂ ತಡವಾಗಿ ಬಂದ. ಥಿಯೋಡರ್ ಹ್ಯಾಂಬರ್ಗ್, ಸ್ವೀಡನ್ನಿನವನು. ಕಳಿಸಿದ್ದು ಬಾಸೆಲ್ ಮಿಷನ್. ಹೌದು, ನಮ್ಮ ಮಂಗಳೂರಿನ ಹಂಚು, ಮಗ್ಗ, ಮೋಗ್ಲಿಂಗನ ಪತ್ರಿಕೆ, ಕಿಟ್ಟೆಲನ ನಿಘಂಟು ಅಂದರೆ ನೆನಪಾಗುವ ಅದೇ ಬಾಸೆಲ್ ಮಿಷನ್. ಮಂಗಳೂರಿಗೆ ಜನ ಕಳಿಸಿ 12-13 ವರ್ಷದ ಮೇಲೆ ಅವರು ದಕ್ಷಿಣ ಚೀನಾಕ್ಕೂ ಕಳಿಸಿದರು. ಇಲ್ಲಿ ಕನ್ನಡ, ತುಳು ಕಲಿತ ಹಾಗೆ ಅಲ್ಲಿ ಹ್ಯಾಂಬರ್ಗ್ ಹಕ್ಕಾ ಮಾತು ಕಲಿತ. ಗುಟ್ಸ್‌ಲಾಫ್‌ನ ಸಂಬಳದ ಪಡೆಯ ಬಂಡವಾಳ ಹೊರಹಾಕಿದವನೂ ಇವನೇ. ದಂಗೆ ಎದ್ದ ಮೇಲೆ ತಲೆತಪ್ಪಿಸಿಕೊಂಡು ಓಡಾಡುತ್ತಿದ್ದ ಹಾಂಗ್ ರೆನ್‌ಗಾನ್ 1852ರಲ್ಲಿ ಇವನ ಹತ್ತಿರ ಬಂದ. ಹ್ಯಾಂಬರ್ಗ್ ಅವನ ಮನೆಮಾತಿನಲ್ಲೇ ಕಥೆ ಕೇಳಿ ಬರೆದುಕೊಂಡ, 1853ರಲ್ಲಿ ದೀಕ್ಷಾಸ್ನಾನ ಕೊಟ್ಟ, 1854ರಲ್ಲಿ ಆ ಕಥೆಯನ್ನು ಅಚ್ಚು ಹಾಕಿಸಿದ. ಅದೇ ವರ್ಷ ತೀರಿಕೊಂಡ. ಹಾಂಗ್‌ನ ಬಾಲ್ಯದ ಬಗ್ಗೆ, ದರ್ಶನದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಬಂದದ್ದು ಅಲ್ಲಿಂದ. ಹಕ್ಕಾ ಬಲ್ಲ ಒಬ್ಬ ಮನುಷ್ಯ ಕೆಲವು ದಿನ ಕೂತು ಕೇಳಿದರೆ ಇಷ್ಟು ಹೊರಬರುತ್ತಿತ್ತು ಅನ್ನುವುದಕ್ಕೆ ಆ ಪುಸ್ತಕವೇ ಸಾಕ್ಷಿ.

ಹಾಗಂತ ಕೇಳಿದ್ದರೆ ಹಾಂಗ್ ಬದಲಾಗುತ್ತಿದ್ದ ಅಂತಲೂ ಹೇಳಲಾರೆ. ಹಾಂಗ್ ರೆನ್‌ಗಾನ್ ಆಮೇಲೆ ಹಾಂಗ್‌ಕಾಂಗ್‌ನಲ್ಲಿ ಲಂಡನ್ ಮಿಷನ್ನಿನ ಉಪದೇಶಿಯಾಗಿ ಮಿಷನರಿ ಜೇಮ್ಸ್ ಲೆಗ್ ಜೊತೆ ವರ್ಷಗಟ್ಟಲೆ ಇದ್ದ. 1859ರಲ್ಲಿ ನಾನ್‌ಜಿಂಗ್ ಸೇರಿ ದಾಯಾದಿಯ ಮುಖ್ಯಮಂತ್ರಿಯೇ ಆದ. ಮನೆಯವನು, ಓದಿದವನು, ಪಳಗಿದ ಕ್ರೈಸ್ತ. ಅವನಿಂದಲೂ ಆ ದರ್ಶನದ ಅರ್ಥ ಒಂದಿಂಚು ಅಲ್ಲಾಡಲಿಲ್ಲ.

ನಾನ್‌ಜಿಂಗ್, 1860

ಹಾಂಗ್ ಮಾತ್ರ ಗುರುವನ್ನು ಮರೆತಿರಲಿಲ್ಲ. 1853ರಲ್ಲಿ ಬನ್ನಿ ಅಂತ ಹೇಳಿ ಕಳಿಸಿದ. ರಾಬರ್ಟ್ಸ್ ಹೊರಟೂಬಿಟ್ಟ. ಆದರೆ ಅಮೆರಿಕ ಯಾರ ಪಕ್ಷವೂ ಅಲ್ಲ, ಹೋಗಕೂಡದು ಅಂತ ಅಮೆರಿಕದ ಕಮಿಷನರ್ ತಡೆದ. ನಾನ್‌ಜಿಂಗ್ ಮುಟ್ಟಲು 1860ರ ಅಕ್ಟೋಬರ್ ಬೇಕಾಯಿತು. ಆಗ ರಾಬರ್ಟ್ಸ್‌ಗೆ 58.

ಈಗ ಎಲ್ಲವೂ ತಿರುಗುಮುರುಗು. ಇರುವ ಮನೆ ಹಾಂಗ್ ರೆನ್‌ಗಾನ್‌ನ ಅರಮನೆಯ ಮಹಡಿ. ತೊಡುವ ಬಟ್ಟೆ ಆಸ್ಥಾನದ್ದು. ಉಣ್ಣುವ ಅನ್ನ ಹಾಂಗ್‌ನದ್ದು. ವಿದೇಶಿಯರ ವ್ಯವಹಾರ ನೋಡಿಕೊಳ್ಳುವ ಹುದ್ದೆಯೂ ಬಂತು. ಸಂಬಳದ ಮಾತಿಗೆ ಮುಖ ಗಂಟಿಕ್ಕಿದವನು ಒಂದು ವರ್ಷಕ್ಕೂ ಹೆಚ್ಚು ಕಾಲ ಶಿಷ್ಯನ ಅನ್ನ ಉಂಡ. ಇದನ್ನು ಹಂಗಿಸಲು ಹೇಳುತ್ತಿಲ್ಲ. ಅಲ್ಲಿದ್ದು ಸುವಾರ್ತೆ ಸಾರಬೇಕಾದರೆ ಬೇರೆ ದಾರಿ ಇರಲಿಲ್ಲ. 1847ರಲ್ಲಿ ಹಾಂಗ್‌ಗೂ ಇರಲಿಲ್ಲ.

ಹಾಂಗ್‌ನ ಭೇಟಿ ರಾಬರ್ಟ್ಸ್‌ಗೆ ಸಿಕ್ಕಿದ್ದು ಒಂದೇ ಸಲ. ಆ ದಿನದ ಕಥೆಯನ್ನು ಹೀಗೆ ಹೇಳುತ್ತಾರೆ: ಹಾಂಗ್‌ನ ಮುಂದೆ ಮಂಡಿಯೂರುವುದಿಲ್ಲ ಅಂತ ರಾಬರ್ಟ್ಸ್ ಹಟ ಹಿಡಿದಿದ್ದ. ಸಭೆಯ ನಡುವೆ ಹಾಂಗ್ ರೆನ್‌ಗಾನ್ ಇದ್ದಕ್ಕಿದ್ದಂತೆ, ರಾಬರ್ಟ್ಸ್ ಅವರೇ, ಪರಲೋಕದ ತಂದೆಯನ್ನು ಆರಾಧಿಸಿ ಅಂತ ಗಟ್ಟಿಯಾಗಿ ಕೂಗಿದ. ದೇವರ ಹೆಸರು ಬಂದ ಮೇಲೆ ನಿಂತಿರುವುದು ಹೇಗೆ? ಪಾದ್ರಿ ಮಂಡಿಯೂರಿದ. ಮುಖ ಮಾತ್ರ ಸಿಂಹಾಸನದ ಕಡೆಗೇ ಇತ್ತು.

ಶಿಷ್ಯ ಗುರುವನ್ನು ಕರೆಸಿದ್ದು ಕಲಿಯುವುದಕ್ಕಲ್ಲ. ತನ್ನ ದರ್ಶನಕ್ಕೆ ಹೊರಗಿನವರ ಮುಂದೆ ಸಾಕ್ಷಿ ಹೇಳುವವನೊಬ್ಬ ಬೇಕಾಗಿತ್ತು. ಈಗ ಪರೀಕ್ಷೆ ರಾಬರ್ಟ್ಸ್‌ನ ನಂಬಿಕೆಗೆ, ಪಾಸು ಮಾಡಬೇಕಾದವನು ಹಾಂಗ್. ಸತ್ಯವೇದದ ಅಂಚಿನಲ್ಲಿ ಹಾಂಗ್ ಬರೆದ ಟಿಪ್ಪಣಿಗಳು ಇವತ್ತಿಗೂ ಉಳಿದಿವೆ. ತಂದೆ ಬೇರೆ, ಮಗ ಬೇರೆ, ಇಬ್ಬರೂ ಒಂದೇ ಅಲ್ಲ ಅನ್ನುವುದು ಅವುಗಳ ಹಟ. ಸತ್ಯವೇದದಲ್ಲಿ ಬರುವ ಯಾಜಕ-ರಾಜ ಮೆಲ್ಕಿಚೆದೆಕ ಅಂದರೆ ತಾನೇ ಅಂತಲೂ ಬರೆದುಕೊಂಡಿದ್ದಾನೆ. ಜೋಸೆಫ್ ಎಡ್ಕಿನ್ಸ್ ಎಂಬ ಇಂಗ್ಲಿಷ್ ಮಿಷನರಿ ದೇವರಿಗೆ ದೇಹವಿಲ್ಲ ಅಂತ ವಾದ ಬರೆದು ಕಳಿಸಿದಾಗ ಹಾಂಗ್ ಕೆಂಪು ಶಾಯಿಯಲ್ಲಿ ಅದನ್ನು ತಿದ್ದಿ ವಾಪಸ್ ಮಾಡಿದ. ಮೇಷ್ಟ್ರು ಅಲ್ಲವೇ! ದೇವರನ್ನು ಕಣ್ಣಾರೆ ಕಂಡ ತನ್ನ ಹತ್ತಿರ ಪುಸ್ತಕದ ವಾದ ಯಾಕೆ ಅನ್ನುವುದು ಅವನ ನಿಲುವು. 1847ರಲ್ಲಿ ಆ ಕಾಗದದಲ್ಲಿದ್ದದ್ದೂ ಇದೇ. ಹದಿಮೂರು ವರ್ಷದಲ್ಲಿ ಅದು ಗಟ್ಟಿಯಾಗಿತ್ತು, ಸುತ್ತ ಸೈನ್ಯ ಬೆಳೆದಿತ್ತು.

ಇಷ್ಟೆಲ್ಲ ಇದ್ದೂ ಕೊನೆಗೆ ಸಂಬಂಧ ಮುರಿದದ್ದು ತತ್ವದ ಮೇಲಲ್ಲ. 1862ರ ಜನವರಿಯಲ್ಲಿ ರಾಬರ್ಟ್ಸ್‌ಗೂ ಹಾಂಗ್ ರೆನ್‌ಗಾನ್‌ಗೂ ಆಳಿನ ವಿಷಯಕ್ಕೆ ಜಗಳವಾಯಿತು. ನನ್ನ ಹುಡುಗನನ್ನು ಕಣ್ಣೆದುರೇ ಕತ್ತಿಯಿಂದ ಕೊಂದ, ನನ್ನ ಮುಖಕ್ಕೆ ಟೀ ಎರಚಿದ, ಕೆನ್ನೆಗೆ ಹೊಡೆದ ಅಂತ ರಾಬರ್ಟ್ಸ್ ಪತ್ರಿಕೆಗೆ ಬರೆದ. ಕೊಲೆಯ ಮಾತನ್ನು ಆಮೇಲೆ ಹಲವರು ನಂಬಲಿಲ್ಲ. ಜನವರಿ 20ರಂದು ಅವನು ನದಿಯಲ್ಲಿ ನಿಂತಿದ್ದ ಬ್ರಿಟಿಷ್ ಯುದ್ಧನೌಕೆ ಹತ್ತಿಕೊಂಡ. ಹಾಂಗ್ ಹುಚ್ಚ, ಆಳಲು ತಕ್ಕವನಲ್ಲ, ಇಷ್ಟು ದಿನ ಅವನ ಪರವಾಗಿದ್ದಷ್ಟೇ ಬಲವಾಗಿ ಇನ್ನು ವಿರುದ್ಧ ಅಂದ. ಬ್ರಿಟಿಷರು, ಫ್ರೆಂಚರು ಚಿಂಗ್ ಸರ್ಕಾರದ ಪರ ಬಹಿರಂಗವಾಗಿ ಕಾದಾಡಲು ಇಳಿದದ್ದು ಅದೇ ವರ್ಷ. ಹಾಂಗ್‌ನ ಗುರುವೇ ಹೀಗೆ ಹೇಳಿದ್ದಾನೆ ಅನ್ನುವ ಮಾತು ಅವರಿಗೆ ಚೆನ್ನಾಗಿಯೇ ಒದಗಿತು.

ಆ ಪತ್ರದಲ್ಲಿ ಮೊದಲ ಸಿಟ್ಟು ಹಾಂಗ್ ರೆನ್‌ಗಾನ್ ಮೇಲೆ. ಇಡೀ ನಾನ್‌ಜಿಂಗ್‌ನಲ್ಲಿ ರಾಬರ್ಟ್ಸ್ ನಂಬಿದ್ದಕ್ಕೆ ತೀರಾ ಹತ್ತಿರವಾದದ್ದನ್ನು ನಂಬಿದ್ದವನು ಬಹುಶಃ ಅವನೊಬ್ಬನೇ.